ವೇಬಿಲ್ಲಿನ ಹಿಂಬದಿ

ಬೆಳಿಗ್ಗೆ ಆರಕ್ಕೆ ಎದೆಯದು ಮೂವತ್ತೈದು, ಹೊಟ್ಟೆಯದು ಐವತ್ತು.
ರಾತ್ರಿ ಎಂಟಕ್ಕೆ ಇಪ್ಪತ್ತೆಂಟು, ನಲವತ್ತು.
ಹಳೆಯ ವೇಬಿಲ್ಲಿನ ಹಿಂಬದಿಯಲ್ಲಿ ಬರೆದಿಡುತ್ತೇನೆ.
ಹತ್ತೊಂಬತ್ತು ವರ್ಷ ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ
ನಿಂತೇ ಬರೆದ ಕೈ,
ಚಕ್ರ ಹೊಂಡಕ್ಕೆ ಬಿದ್ದರೂ ಅಂಕಿ ಅಲುಗಿದ್ದಿಲ್ಲ.
ಇಲ್ಲಿ, ಉಪ್ಪಳದ ನಮ್ಮ ಮಲಗುವ ಕೋಣೆಯಲ್ಲಿ,
ನೆಲ ನೆಟ್ಟಗಿದ್ದೂ
ನಾನು ಬರೆದ ಮೂರು
ನನಗೇ ಎಂಟರಂತೆ ಕಾಣುತ್ತದೆ.

ನಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು
ಮೇಲಿಂದ ಕೆಳಕ್ಕೆ ಹಿಂಡಬೇಕು, ಎಳೆಯಬಾರದು.
ಲಿನ್ಸಿ ಸಿಸ್ಟರ್ ಹೇಳಿಕೊಟ್ಟದ್ದು.
"ಪೇಡಿಕ್ಕಂಡ ಚೇಟ್ಟಾ" ಅಂದಿದ್ದಳು,
ಹೆದರಿದ್ದು ರೋಗಿಯಲ್ಲ, ನಾನು ಎಂದು
ಅವಳಿಗೆ ಹೇಗೆ ತಿಳಿಯಿತೋ.
ರಕ್ತದ ಬಣ್ಣ ದಿನದಿಂದ ದಿನಕ್ಕೆ
ಪುನರ್ಪುಳಿ ಸಾರಿಗೆ ಇಳಿದು
ಈಗ ಒಣಹುಲ್ಲಿನ ಬಣ್ಣ.
ಎರಡು ದಿನ ಸತತ ಇಪ್ಪತ್ತೈದರ ಕೆಳಗೆ ಬಂದರೆ
ತೆಗೆಯುತ್ತಾರಂತೆ.
ಕಲೆಕ್ಷನ್ ಕಮ್ಮಿಯಾಗಲಿ ಅಂತ
ಬೇಡಿಕೊಂಡದ್ದು ಜೀವಮಾನದಲ್ಲಿ ಇದೇ ಮೊದಲು.

ಎರಡು ವರ್ಷ ಜಲಜಾಕ್ಷಿ
ಬಟ್ಟೆಯ ಚೀಲಕ್ಕೆ ಸಾಸಿವೆ ತುಂಬಿ
ರವಿಕೆಯ ಎಡಕ್ಕೆ ಇಟ್ಟುಕೊಂಡಿದ್ದಳು.
ಹತ್ತಿಗೆ ತೂಕವಿಲ್ಲ,
ಅಂಗನವಾಡಿಯ ಮಕ್ಕಳನ್ನು ಎತ್ತಿಕೊಂಡರೆ
ಕುತ್ತಿಗೆಯವರೆಗೆ ಸರಿಯುತ್ತದೆ.
ಒಂದು ಆಟಿ ತಿಂಗಳಲ್ಲಿ,
ಒಣಗದ ಚೀಲದೊಳಗೆ ಸಾಸಿವೆ ಮೊಳೆತಿತ್ತು.
ಇಬ್ಬರೂ ನಕ್ಕೆವು.
ಆಮೇಲೆ ಅವಳು ಬಚ್ಚಲಲ್ಲಿ ನೀರು ಬಿಟ್ಟುಕೊಂಡು
ತುಂಬ ಹೊತ್ತು ಇದ್ದಳು.

"ಇದೆಲ್ಲ ಬೇಕಾ, ಈ ವಯಸ್ಸಿಗೆ?"
ಊರು ಕೇಳುವ ಮೊದಲು ಕೇಳಿದವನು ನಾನು.
ರಜೆಯ ಲೆಕ್ಕ ಹೇಳಿದೆ,
"ನನಗೇನೂ ಬೇಕಿಲ್ಲ, ಹೀಗೇ ಚೆಂದ ಇದ್ದೀ" ಅಂದೆ,
ದೊಡ್ಡ ಮನಸ್ಸಿನವನ ಹಾಗೆ.
ಒಗೆದ ಬಟ್ಟೆ ಮಡಚುತ್ತ
ತಲೆ ಎತ್ತದೆ ಹೇಳಿದಳು:
"ನಿಮಗೆ ಅಂತ ಯಾರು ಹೇಳಿದ್ದು?"

ಆಸ್ಪತ್ರೆಯಿಂದ ಬರುವ ದಿನ
ದಿಂಬನ್ನು ಹೊಟ್ಟೆಗೆ ಅವಚಿ ಕಾರಿನಲ್ಲಿ ಕೂತಳು.
ತಲಪಾಡಿ ದಾಟಿದ ಮೇಲೆ
ರಸ್ತೆಯ ಪ್ರತಿ ಏಟನ್ನೂ ನಾನು ಮೊದಲೇ ಕೂಗಿದೆ,
ತೂಮಿನಾಡು, ಹಂಪು!
ಹೊಸಂಗಡಿ, ಹಂಪು!
ಕಾರಿನವ ಕನ್ನಡಿಯಲ್ಲಿ ನೋಡಿ ಕೇಳಿದ,
"ಇಳಿಯುವವರು ಇದ್ದಾರಾ?"
"ಅಯ್ಯೋ, ನಗಿಸಬೇಡಿ, ಹೊಲಿಗೆ ಎಳೆಯುತ್ತದೆ,"
ಎಂದು ಅಳುತ್ತ ನಕ್ಕಳು,
ನಗುತ್ತ ಅತ್ತಳೋ, ನನಗೆ ಈಗಲೂ ಸ್ಪಷ್ಟವಿಲ್ಲ.

ಹೊಟ್ಟೆಯ ಚರ್ಮ ಈಗ ಎದೆಯಲ್ಲಿದೆ,
ಕೊಬ್ಬು, ಒಂದು ಎಳೆ ರಕ್ತನಾಳ ಸಮೇತ.
ಹರ್ಷಿಣಿ ಒದ್ದಾಗ ಉಬ್ಬುತ್ತಿದ್ದ ಜಾಗ ಅದು,
ಬಸಿರಿನ ಬಿಳಿ ಗೆರೆಗಳೂ ಜೊತೆಗೇ ಬಂದು
ಅಡ್ಡಡ್ಡ ಮಲಗಿವೆ.
ಮೊದಲ ರಾತ್ರಿ ಗಂಟೆಗೊಮ್ಮೆ
ಪುಟ್ಟ ಯಂತ್ರ ಒತ್ತಿ ಕೇಳಿಸಿಕೊಳ್ಳುತ್ತಿದ್ದರು:
ಷೂಂ, ಷೂಂ.
ಹದಿನಾರು ವರ್ಷದ ಹಿಂದೆ
ಇದೇ ಚರ್ಮದ ಮೇಲೆ
ಇಂಥದೇ ಸದ್ದು ಕೇಳಿ ನಾನು
ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೆ.
ಈ ಸಲ ಯಾರಿಗೂ ಹೇಳಲಿಲ್ಲ,
ಬೆಳಗಾಗುವವರೆಗೆ ಎಣಿಸಿದೆ.

"ಮುಟ್ಟಿ ನೋಡಿ" ಅಂದಳು ನಿನ್ನೆ.
ಮುಟ್ಟಿದೆ. ಬೆಚ್ಚಗಿತ್ತು.
"ಮುಟ್ಟಿದಿರಾ?"
"ಹೂಂ."
"ಗೊತ್ತಾಗಲಿಲ್ಲ."
ನಾನು ಕೈ ತೆಗೆಯಲಿಲ್ಲ.
ಅವಳು ನನ್ನ ಕೈಯನ್ನು ನೋಡುತ್ತಿದ್ದಳು,
ನೋಡಿಯೇ ತಿಳಿದುಕೊಳ್ಳುವವಳ ಹಾಗೆ.

ಬಾಗಿಲ ಪಕ್ಕದ ಗೋಡೆಯಲ್ಲಿ
ಹರ್ಷಿಣಿಯ ಎತ್ತರದ ಪೆನ್ಸಿಲ್ ಗೆರೆಗಳಿವೆ.
ಅದೇ ಗೋಡೆಯನ್ನು ಈಗ ಎಡಗೈಯ ಬೆರಳುಗಳು
ಇರುವೆಯ ಹಾಗೆ ಹತ್ತುತ್ತವೆ,
ದಿನಕ್ಕೆ ಎರಡು ಸಲ, ಬೆನ್ನು ಬಗ್ಗಿಸಿಕೊಂಡೇ.
ಮೊನ್ನೆ ಬಾಲವಾಡಿ.
ಇವತ್ತು ಎರಡನೇ ಕ್ಲಾಸು.
"ಮೂರನೆಯದಕ್ಕೆ ಪಾಸು ಮಾಡಿಸಿ, ಕಂಡಕ್ಟರೇ" ಅನ್ನುತ್ತಾಳೆ.
ನಾನು ಹೆಣೆದ ಜಡೆ ಬಲಕ್ಕೆ ವಾಲಿದೆ,
ಅವಳು ಕನ್ನಡಿ ಕೇಳಲಿಲ್ಲ.

ರಾತ್ರಿ ಎಂಟು.
ಎದೆಯದು ಇಪ್ಪತ್ತೆರಡು.
ಹೊಟ್ಟೆಯದನ್ನು
ಬಲ್ಬಿನ ಕೆಳಗೆ, ಕಣ್ಣಿನ ಮಟ್ಟಕ್ಕೆ ಹಿಡಿದಿದ್ದೇನೆ.
"ಎಷ್ಟು?"
ನಿಲ್ಲು ಮಾರಾಯ್ತಿ,
ನೀರು ಇನ್ನೂ ಅಲುಗುತ್ತಿದೆ.